ನಿನ್ನ ಬೆನ್ನ ಮೇಲೆ ಬಿದ್ದ ಕೈ

ಗೋವಿಂದು, ಅವತ್ತು ನೀರಿನ ಪೈಪಿನ ಮೇಲಿಂದ ನಿನ್ನನ್ನು ಹಳ್ಳಕ್ಕೆ ಬೀಳಿಸಿದ್ದು ಏರ್‌ಬ್ಲಾಸ್ಟ್ ಅಲ್ಲ. ನಾನು. ಎರಡೂ ಅಂಗೈಗಳನ್ನು ನಿನ್ನ ಬೆನ್ನಿಗೆ ಊರಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ನಿನ್ನನ್ನು ಹಿಡಿದುಕೊಳ್ಳಲು ಬಂದೆನೆಂದು ಇಪ್ಪತ್ತೆರಡು ವರ್ಷದಿಂದ ನೀನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೀಯೆ. ನಾನು ಹಿಡಿದುಕೊಳ್ಳಲು ಬರಲಿಲ್ಲ.

ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಮಕ್ಕಳಿಗೆ ಪ್ರಬಂಧ ಬರೆಸುವ ಮೇಷ್ಟ್ರು ನಾನು. ಪೀಠಿಕೆ ಇಲ್ಲದೆ ವಿಷಯಕ್ಕೆ ಬಾ ಎಂದು ಅವರ ಕಿವಿ ಹಿಂಡುವವನು. ನನ್ನ ಸರದಿ ಬಂದಾಗ ಪೀಠಿಕೆಯ ಮೇಲೆ ಪೀಠಿಕೆ — ನಮ್ಮ ಬಡತನ, ನನ್ನ ವಯಸ್ಸು, ನಿನ್ನ ಕಾಟ. ಎಲ್ಲ ಹರಿದೆ.

ಇದು ನಿನಗೆ ಬರೆದದ್ದು. ಆದರೆ ನಿನ್ನ ಮಗ ಮಂಜನೂ ಇದನ್ನು ಕೇಳಬೇಕು. ಅವನಿಗೆ ಆ ಕಾಲ ಗೊತ್ತಿಲ್ಲ, ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ನಮ್ಮದು ಬೇತಮಂಗಲದ ರಸ್ತೆಯ ಹಳ್ಳಿ. ಮನೆಯಲ್ಲಿ ಎರಡು ಎಮ್ಮೆ, ಒಂದು ಹಸು. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗಳಿಗೆ ಬಂದು, ಐದಾರು ಮನೆಗೆ ಪಾವು, ಅರ್ಧ ಪಾವು ಅಳೆದು ಕೊಟ್ಟು, ಖಾಲಿ ಕ್ಯಾನಿನ ಜೊತೆಗೇ ಶಾಲೆಗೆ ಹೋಗುವುದು ನನ್ನ ದಿನಚರಿ. ರಸ್ತೆ ಹಿಡಿದರೆ ದೊಡ್ಡ ಸುತ್ತು. ಬೇತಮಂಗಲದ ಕೆರೆಯಿಂದ ಗಣಿಯೂರಿಗೆ ನೀರು ತರುವ ದಪ್ಪ ಪೈಪು ಲೈನುಗಳ ಹಿಂದೆ ಒಂದು ಒಣಹಳ್ಳವನ್ನು ದಾಟುತ್ತಿತ್ತು. ಅಲ್ಲಿ ಅದು ಎರಡಾಳು ಎತ್ತರದಲ್ಲಿ ಕಲ್ಲಿನ ಕಂಬಗಳ ಮೇಲೆ ಕೂತಿತ್ತು. ಅದರ ಮೇಲೆ ನಡೆದು ದಾಟಿದರೆ ನೇರ ನಿಮ್ಮ ಮನೆಯ ಹಿತ್ತಲು.

ಆ ಪೈಪಿನ ತುದಿಯಲ್ಲಿ ನೀನು ಕಾಯುತ್ತಿದ್ದೆ. ಜೊತೆಗೆ ಇನ್ನಿಬ್ಬರು. ನಾವೆಲ್ಲ ಒಂದೇ ತರಗತಿ, ಏಳನೆಯದು.

"ಏನ್ಲಾ ಆಲ್‌ಕಿಟ್ಟ, ಇವತ್ತು ಆಲು ಗಟ್ಟಿ ಐತೇನ್ಲಾ?"

ಗಟ್ಟಿ ಇದೆಯೋ ಇಲ್ಲವೋ ನೋಡುವುದಕ್ಕೆಂದು ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದಿರಿ. ಸೈನೈಡ್ ದಿಬ್ಬದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಂದಿರುತ್ತಿದ್ದಿರಿ. ಮಂಜ, ಬಂಗಾರ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ಗುಡ್ಡಗುಡ್ಡವಾಗಿ ಸುರಿದಿದ್ದಾರಲ್ಲ, ಅದೇ. ಅದು ವಿಷವೆಂದು ನಾವೆಲ್ಲ ನಂಬಿದ್ದೆವು. ಒಂದು ಚಿಟಿಕೆ ಬಿದ್ದರೂ ಅಷ್ಟೂ ಹಾಲನ್ನು ಹಳ್ಳಕ್ಕೆ ಸುರಿಯಬೇಕು. ಸುರಿದ ಮೇಲೆ ಹಾಲು ಕಾಯುತ್ತಿದ್ದ ಮನೆಗಳಲ್ಲಿ ಬೈಗುಳ, ನಮ್ಮ ಮನೆಯಲ್ಲಿ ಬೆತ್ತ. ಕೆಲವು ದಿನ ಪುಡಿ ಹಾಕುತ್ತಿರಲಿಲ್ಲ, ಬರೀ ಹಾಕುವ ಹಾಗೆ ಮಾಡಿ ನನ್ನನ್ನು ಅಳಿಸುತ್ತಿದ್ದಿರಿ. ನಾನು ಅತ್ತರೆ ನಿಮಗೆ ಅದೇ ತಿಂಡಿ.

ಅಪ್ಪನಿಗೆ ಹೇಳಿದ್ದೆ. ಅಪ್ಪ ಬೀಡಿ ಆರಿಸಿ, ನನ್ನ ಮುಖ ನೋಡದೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅವ್ರ ತಾವೇ ಆಲು ಮಾರ್ಬೇಕು ಕಣಪ್ಪ. ಅವ್ರ ಮಕ್ಳ ಮೇಲೆ ಕೈ ಎತ್ತಿ ಬಂದ್ರೆ ನಾಳೆ ಯಾರ್ ಆಕುಸ್ಕೋತಾರೆ? ಸುಮ್ಕೆ ಬಾ." ಸುಮ್ಮನೆ ಬಂದೆ. ಒಂದು ವರ್ಷ ಸುಮ್ಮನೆ ಬಂದೆ. ನಿನ್ನಮ್ಮ ಕಮಲಮ್ಮನೇ ಒಂದು ದಿನ, "ಯಾಕಪ್ಪ, ಅಂಗಿ ಅರ್ದೈತೆ? ವಸಿ ಕಾಪಿ ಕುಡ್ದು ಓಗು," ಎಂದು ಲೋಟ ಕೊಟ್ಟರು. ಬಿದ್ದೆನೆಂದು ಹೇಳಿ ಕಾಫಿ ಕುಡಿದೆ. ಒಳಗಿನಿಂದ ನೀನು ಹಲ್ಲು ಕಿರಿಯುತ್ತಿದ್ದೆ.

ಈಗ ಆ ದಿನ.

ಅವತ್ತು ನೀನೊಬ್ಬನೇ ಇದ್ದೆ. ನಾನು ಪೈಪಿನ ನಡುವಿಗೆ ಬಂದಾಗ ನೀನೂ ಎದುರಿನಿಂದ ಹತ್ತಿ ಬಂದೆ. ನನ್ನ ಕೊರಳಪಟ್ಟಿ ಹಿಡಿದೆ. ಕೆನ್ನೆಗೆ ಎರಡು ಕೊಟ್ಟೆ. ಕ್ಯಾನು ಕಿತ್ತುಕೊಂಡು, ಪುಡಿ ಹಾಕುವ ಶ್ರಮವನ್ನೂ ತೆಗೆದುಕೊಳ್ಳದೆ, ನನ್ನ ಕಣ್ಣೆದುರಿಗೇ ನಿಧಾನವಾಗಿ ಹಾಲನ್ನು ಹಳ್ಳಕ್ಕೆ ಸುರಿದೆ. ಖಾಲಿ ಕ್ಯಾನನ್ನೂ ಕೆಳಗೆಸೆದೆ. ಆ ಹಸು ಕರು ಹಾಕಿ ಹತ್ತು ದಿನವಾಗಿತ್ತು — ಅದು ಯಾಕೆ ನೆನಪಿದೆಯೋ. ನನ್ನೊಳಗೆ ಏನೋ ಹರಿಯಿತು. ಇವತ್ತು ಏನಾದರಾಗಲಿ, ಇವನನ್ನು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಆಗ ತಳ್ಳಿದ್ದರೆ! ಗೋವಿಂದು, ನಿನ್ನ ಕೈ ನನ್ನ ಕೊರಳಲ್ಲಿದ್ದಾಗ ತಳ್ಳಿದ್ದರೆ ಈ ಹಾಳೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ನಿನಗೇನೇ ಆಗಿದ್ದರೂ ಊರಿನ ಎದುರು ನಿಂತು, ಹೌದು, ಹೊಡೆದ, ತಳ್ಳಿದೆ ಅನ್ನುತ್ತಿದ್ದೆ. ಆದರೆ ಆಗ ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಪೈಪು ಅದುರಿತು. ಮೊದಲು ಕಾಲಿನಡಿ, ಆಮೇಲೆ ಸದ್ದು. ಗಣಿಯೂರಿನ ಮಕ್ಕಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಅಡಿ ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಗಳ ಪಾತ್ರೆ ಉರುಳುತ್ತವೆ, ಗೋಡೆ ಬಿರಿಯುತ್ತವೆ. ಎಲ್ಲರೂ ಅದಕ್ಕೆ ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ನಾವಿಬ್ಬರೂ ಬೀಳಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು — ಅದುರಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೆವು, ಬೀಳಲಿಲ್ಲ. ಅದುರು ನಿಂತಿತು. ಪೈಪು ನಿಂತಿತು. ನೀನು ನನ್ನ ಕೊರಳಪಟ್ಟಿ ಬಿಟ್ಟೆ. ನನ್ನ ಕಡೆ ಬೆನ್ನು ಮಾಡಿ, ಗಣಿಗೆ ಇಳಿಯುವ ಶಾಫ್ಟಿನ ಮೇಲಿನ ದೊಡ್ಡ ಚಕ್ರದ ಕಡೆ ನೋಡಿದೆ. ಮತ್ತೆ ಸಣ್ಣ ದನಿಯಲ್ಲಿ ಹೇಳಿದೆ —

"ನಮ್ಮಪ್ಪ ಬೆಳಗಿನ್ ಸಿಫ್ಟು ಕಣ್ಲಾ."

ಅಷ್ಟೇ. ಒಂದು ವರ್ಷದಲ್ಲಿ ಮೊದಲ ಸಲ ನೀನು ನನ್ನನ್ನು ಗೆಳೆಯನನ್ನು ಮಾತಾಡಿಸುವ ಹಾಗೆ ಮಾತಾಡಿಸಿದೆ. ನಾನು ಯಾರು, ನನ್ನ ಕ್ಯಾನು ಏನಾಯಿತು, ಎಲ್ಲ ನೀನು ಮರೆತಿದ್ದೆ. ಹತ್ತಿರ ಇದ್ದವನಿಗೆ ಹೇಳಿಕೊಂಡೆ. ಹತ್ತಿರ ಇದ್ದವನು ನಾನು.

ನಾನು ತಳ್ಳಿದ್ದು ಆಗ.

ನಿನ್ನ ಕೈಗೆ ಧೈರ್ಯ ತೋರದ ನಾನು ನಿನ್ನ ಬೆನ್ನಿಗೆ ತೋರಿದೆ. ನೀನು ಕೆಳಗೆ ಬೀಳುವುದನ್ನು ನೋಡಿ ನನಗಾದದ್ದು ಭಯವಲ್ಲ. ಹಾಲು ಕುಡಿದಷ್ಟು ಸಂತೋಷ. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಒಣಗಿದ ಹಿಪ್ಪುನೇರಳೆ ಕಡ್ಡಿ ಮುರಿದ ಹಾಗೆ ಒಂದು ಸದ್ದು ಕೇಳಿತು, ನಿನ್ನ ಬಲ ಮೊಣಕೈ. ಆ ಸದ್ದನ್ನು ಕೇಳಿದವನು ಲೋಕದಲ್ಲಿ ನಾನೊಬ್ಬನೇ, ನೀನೂ ಕೇಳಿಸಿಕೊಂಡಿರಲಾರೆ. ನೀನು ಎದ್ದವನೇ, ಜೋತಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಹಿಂದೆ ತಿರುಗಿ ಕೂಡ ನೋಡದೆ ಶಾಫ್ಟಿನ ಕಡೆ ಓಡಿದೆ. ಸೈರನ್ ಕೂಗುತ್ತಿತ್ತು.

ಲೈನುಗಳಿಂದ ಹೆಂಗಸರು ಮಕ್ಕಳು ಓಡಿ ಬಂದು ಬೇಲಿಯ ಹತ್ತಿರ ಕೂತರು. ಮೂರು ದಿನ ಕೂತರು. ಹಾಲು ಕೊಡುವ ನೆಪದಲ್ಲಿ ಮೂರು ದಿನವೂ ನಾನು ಅಲ್ಲಿಗೆ ಬಂದೆ. ಕಮಲಮ್ಮನ ಪಕ್ಕದಲ್ಲಿ ನೀನು ಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡು ಕೂತಿದ್ದೆ. ಅಂಗಿಯ ಮೇಲಿನಿಂದಲೇ ಮೊಣಕೈ ತೆಂಗಿನಕಾಯಿ ಗಾತ್ರ ಕಾಣುತ್ತಿತ್ತು. ಯಾರೋ ಕೇಳಿದರು. "ಪೈಪ್ ಮ್ಯಾಗ್ ಇದ್ದೆ, ಏರ್‌ಬ್ಲಾಸ್ಟಿಗೆ ಬಿದ್ಬುಟ್ಟೆ," ಅಂದೆ ನೀನು. ಅವರು ತಲೆದೂಗಿ ಒಂದು ಬಟ್ಟೆ ಸುತ್ತಿದರು. ನೆಲದೊಳಗೆ ಗಂಡಸರು ಸಿಕ್ಕಿಕೊಂಡಿರುವಾಗ ಹುಡುಗನ ಕೈ ಊದಿಕೊಂಡದ್ದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ನಾನು ತೆಗೆದುಕೊಳ್ಳಬಹುದಿತ್ತು. ಮುರಿದ ಸದ್ದು ನನಗೆ ಗೊತ್ತಿತ್ತು. ಅಮ್ಮಾ, ಅದು ಊತವಲ್ಲ, ಮೂಳೆ ಮುರಿದಿದೆ, ಆಸ್ಪತ್ರೆಗೆ ಕಳಿಸಿ ಎಂದು ಒಂದು ಮಾತು. ಬಾಯಿವರೆಗೆ ಬಂತು. ನಿನಗೆ ಹೇಗಪ್ಪ ಗೊತ್ತು ಎಂದು ಕೇಳಿಬಿಟ್ಟರೆ... ನುಂಗಿಕೊಂಡೆ. ಮೂರು ದಿನ, ದಿನಕ್ಕೊಂದು ಸಲ ನುಂಗಿಕೊಂಡೆ. ತಳ್ಳಿದ್ದು ಒಂದು ಕ್ಷಣದ ಕೆಲಸ, ಹುಡುಗುಬುದ್ಧಿ ಅನ್ನು, ಸಿಟ್ಟು ಅನ್ನು. ಈ ಮೂರು ದಿನಕ್ಕೆ ಏನನ್ನುತ್ತೀಯ?

ಮೂರನೆಯ ದಿನ ನಿನ್ನಪ್ಪನ ಹೆಣ ಮೇಲೆ ಬಂತು. ಬಲಗೈ ಎತ್ತಲಾಗದೆ ನೀನು ಎಡಗೈಯಲ್ಲಿ ಕೊಳ್ಳಿ ಹಿಡಿದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಅಷ್ಟರಲ್ಲಿ ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು.

ತಿಂಗಳು ಬಿಟ್ಟು ನೀನು ಶಾಲೆಗೆ ಬಂದೆ. ನೀನು ನೇರ ನನ್ನ ಬೆಂಚಿಗೆ ಬಂದು ಕೂತೆ. ಆ ಮಾತನ್ನು ಹೇಳಿದೆ.

"ನೀನು ನನ್ನ ಇಡ್ಕೊಳ್ಳಾಕ್ ಬಂದೆ, ಅಲ್ವೇನ್ಲಾ? ಬೆನ್ ಮ್ಯಾಲೆ ಕೈ ಬಿದ್ದುದ್ದು ನಂಗೆ ಗೊತ್ತಾಯ್ತು. ನಿನ್ಗೆ ನಾನ್ ಅಷ್ಟು ಮಾಡಿದ್ರೂ..."

ನಾನು "ಊಂ" ಅಂದೆ.

ಅದೇ ನಾನು ನಿನಗೆ ಹೇಳಿದ ಸುಳ್ಳು. ಕಥೆ ಕಟ್ಟಿದವನು ನೀನು, ನಾನು ಹೂಂಗುಟ್ಟಿದೆ. ಅವತ್ತಿನಿಂದ ನನ್ನ ಕ್ಯಾನನ್ನು ಯಾರೂ ಮುಟ್ಟದ ಹಾಗೆ ನೀನು ನೋಡಿಕೊಂಡೆ. ಪೈಪಿನ ತುದಿಯಲ್ಲಿ ಕಾದು ನಿಂತು, ನನ್ನನ್ನು ಮನೆಮನೆಗೂ ಕರೆದುಕೊಂಡು ಹೋಗುತ್ತಿದ್ದೆ. ಕಮಲಮ್ಮ ನನ್ನ ತಲೆ ಸವರಿ, "ನನ್ ಮಗನ್ನ ಇಡ್ಕೊಳ್ಳಾಕೆ ಓದ ಪುಣ್ಯಾತ್ಮ," ಅನ್ನುತ್ತಿದ್ದರು. ಆ ಮನೆಯ ಕಾಫಿಯನ್ನು ನಾನು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಕುಡಿದೆ.

ಗಣಿಯಲ್ಲಿ ಸತ್ತವನ ಕೆಲಸ ಮಗನಿಗೆ ಬರುವುದು ಅಲ್ಲಿಯ ಪದ್ಧತಿ. ನಿನಗೆ ಹದಿನೆಂಟು ತುಂಬುವುದನ್ನೇ ಕಮಲಮ್ಮ ಕಾದರು; ಅಲ್ಲಿಯವರೆಗೆ ಲೈನ್ ಮನೆ ಉಳಿದಿತ್ತು. ನೀನು ಗಣಿಯ ಮೆಡಿಕಲ್ ಪರೀಕ್ಷೆಗೆ ಹೋದೆ. ಎದೆ ಸರಿ, ಕಣ್ಣು ಸರಿ, ಕಿವಿ ಸರಿ. ಕೈ ಚಾಚು ಅಂದರು. ಬಲಗೈ ಅರ್ಧಕ್ಕೆ ನಿಂತಿತು. ಏಣಿ ಹತ್ತಲಾಗದವನನ್ನು ಕೆಳಗಿಳಿಸುವುದು ಹೇಗೆ? ಕೆಲಸ ಹೋಯಿತು, ಕೆಲಸದ ಹಿಂದೆಯೇ ಮನೆ ಹೋಯಿತು. ನೀವು ಗಂಟುಮೂಟೆ ಕಟ್ಟಿಕೊಂಡು ಬಂಗಾರಪೇಟೆಗೆ ಬಂದಿರಿ. ಕಮಲಮ್ಮ ಯಾರ ಯಾರದೋ ಮನೆಯಲ್ಲಿ ಪಾತ್ರೆ ತೊಳೆದು, ನಿನ್ನ ಕೈಗಾಗಿ ಏರ್‌ಬ್ಲಾಸ್ಟನ್ನು ಶಪಿಸುತ್ತಲೇ ಕಣ್ಣು ಮುಚ್ಚಿದರು. ನೀನು ಮಾರಿಕುಪ್ಪಂ ರೈಲಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರತೊಡಗಿದೆ, ಬುಟ್ಟಿಯನ್ನು ಎಡಗೈಗೆ ಹಾಕಿಕೊಂಡು. ಆ ರೈಲಿನಲ್ಲಿ ನಾನೂ ಎಷ್ಟೋ ಸಲ ಬಂದಿದ್ದೇನೆ. ನೀನು ನನ್ನನ್ನು ಕಂಡರೆ ಪೊಟ್ಟಣ ಕೈಗಿಟ್ಟು, ಪಕ್ಕದವರಿಗೆ ಅದೇ ಕಥೆ ಶುರು ಮಾಡುತ್ತಿದ್ದೆ. ನಾನು ಮೇಷ್ಟ್ರಾದ ಮೇಲೆ ನೀನು "ಲಾ" ಬಿಟ್ಟು "ಸಾ" ಅನ್ನತೊಡಗಿದೆ. ಬೇಡವೆಂದರೂ ಕೇಳಲಿಲ್ಲ.

ಒಮ್ಮೆ ಅದೇ ರೈಲಿನಲ್ಲಿ ಎದುರು ಕೂತ ವಕೀಲರೊಬ್ಬರನ್ನು ಯಾರದೋ ಕಥೆಯೆಂಬಂತೆ ಕೇಳಿದೆ. "ಆತ್ಮರಕ್ಷಣೆ ಮೇಷ್ಟ್ರೇ, ತಪ್ಪೇನಿಲ್ಲ," ಎಂದರು. ಆಮೇಲೆ ಕನ್ನಡಕ ಒರೆಸುತ್ತಾ, "ಅವನು ಹೊಡೀತಾ ಇದ್ದಾಗ ತಾನೇ ತಳ್ಳಿದ್ದು?" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಶಾಲೆಯಲ್ಲಿ ಜಗಳವಾಡಿದ ಹುಡುಗರನ್ನು ಎಳೆದು ತಂದಾಗ ನಾನು ಯಾವಾಗಲೂ ಕೇಳುವುದು, ಮೊದಲು ಕೈ ಎತ್ತಿದ್ದು ಯಾರು ಎಂದು. ಕೊನೆಯ ಏಟು ಯಾವಾಗ ಬಿತ್ತು, ಎದುರಿನವನು ಅಷ್ಟರಲ್ಲಿ ಕೈ ಇಳಿಸಿದ್ದನೇ ಎಂದು ಒಂದು ಸಲವೂ ಕೇಳಿಲ್ಲ.

ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ನನ್ನ ಜೊತೆಗೇ ಸುಡಿಸಿಕೊಂಡು ಹೋಗುತ್ತಿದ್ದೆ. ನನ್ನ ಹಣೆಬರಹ ನನಗೆ ಚೆನ್ನಾಗಿ ಗೊತ್ತು.

ಹೋದ ವರ್ಷ ನೀನು ಮಂಜನನ್ನು ನನ್ನ ಶಾಲೆಗೆ ಸೇರಿಸಲು ಬಂದೆ. ಅವನ ತಲೆಯನ್ನು ನನ್ನ ಕಾಲಿನ ಕಡೆಗೆ ಬಗ್ಗಿಸಿ, "ಇವ್ರೇ ಕಣಪ್ಪ. ಒಂದ್ ವರ್ಸ ನನ್ ಕೈಲಿ ಏಟು ತಿಂದ್ರು, ಒಂದೇಟೂ ತಿರುಗ್ಸಿ ವಡೀಲಿಲ್ಲ. ನಾನ್ ಬೀಳುವಾಗ ಇಡ್ಕೊಳ್ಳಾಕ್ ಬಂದ್ರು. ಇವ್ರಂಗಿರ್ಬೇಕು," ಎಂದೆ. ನಾನು ಅವನ ಭುಜ ತಟ್ಟಿದೆ. ಎಷ್ಟು ಅಭ್ಯಾಸವಾಗಿಬಿಟ್ಟಿತ್ತು ನೋಡು, ಮುಖದ ಬಣ್ಣ ಕೂಡ ಬದಲಾಗಲಿಲ್ಲ.

ದೊಡ್ಡ ತರಗತಿಯ ಮೂವರು ಮಂಜನ ಹಿಂದೆ ಬಿದ್ದದ್ದು ನನಗೆ ಗೊತ್ತಿತ್ತು. ಬ್ಯಾಗು ಕಸಿದು ಕಡಲೆಕಾಯಿ ಹುಡುಕುವುದು, ಸಿಗದಿದ್ದರೆ ತಲೆಗೆ ಮೊಟಕುವುದು. ಆ ಮೂವರನ್ನು ಎರಡು ಸಲ ಕರೆದು ಗದರಿಸಿದೆ. ಗದರಿಸಿದ್ದಕ್ಕೆ ಅವನಿಗೆ ಇನ್ನೆರಡು ಹೆಚ್ಚಿಗೆ ಬಿದ್ದವು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನೊಬ್ಬನೇ ನನ್ನ ಮೇಜಿನ ಹತ್ತಿರ ಬಂದು ನಿಂತ. ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು.

"ಸಾ, ನೀವು ನಮ್ಮಪ್ಪಂಗೆ ಯಾವತ್ತೂ ತಿರುಗ್ಸಿ ವಡೀಲಿಲ್ವಂತೆ. ನಿಜಾನಾ ಸಾ?"

ಆ ಹುಡುಗ ಕಥೆ ಕೇಳಲು ಬಂದಿರಲಿಲ್ಲ, ಗೋವಿಂದು. ನನ್ನಿಂದ ಅಪ್ಪಣೆ ಕೇಳಲು ಬಂದಿದ್ದ. ಅವನ ಮುಷ್ಟಿ ಚಡ್ಡಿಯ ಜೇಬಿನೊಳಗೆ ಬಿಗಿದಿತ್ತು, ನಾನು ನೋಡಿದೆ. ಇಲ್ಲ ಮಗು, ಅದು ನಿಜವಲ್ಲ ಎಂದು ನಾನು ಹೇಳಿದ್ದರೆ... ಒಂದು ಸಲ ಜೋರಾಗಿ ಕೈ ಒದರಿಕೊಳ್ಳುತ್ತಿದ್ದ. ಅಷ್ಟು ಸಾಕಾಗುತ್ತಿತ್ತು. ಪುಕ್ಕಲು ಹುಡುಗರು ಅವರು, ನನಗೆ ಗೊತ್ತು.

ನಾನು "ಊಂ" ಅಂದೆ. ಅದರ ಜೊತೆಗೆ, ಮೇಷ್ಟ್ರಲ್ಲವೇ, "ತಾಳ್ಮೆ ದೊಡ್ಡದು" ಎಂದು ಕೂಡ ಸೇರಿಸಿದೆ. ಜೇಬಿನೊಳಗೆ ಅವನ ಮುಷ್ಟಿ ಸಡಿಲವಾದದ್ದನ್ನೂ ನೋಡಿದೆ.

ಅದಾಗಿ ಎಂಟು ದಿನಕ್ಕೆ ಬೋರ್‌ವೆಲ್ಲಿನ ಹಿಂದೆ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಹೊಡೆದರು. "ಮಂಜ ಕೈ ಕಟ್ಕೊಂಡು ನಿಂತಿದ್ದ ಸಾ," ಎಂದು ನೋಡಿದ ಹುಡುಗಿ ಹೇಳಿದಳು. ಕೈ ಕಟ್ಟಿಕೊಂಡು. ಪ್ರಾರ್ಥನೆಗೆ ನಿಂತ ಹಾಗೆ. ಎಡಗಿವಿಯ ತಮಟೆ ಹರಿಯಿತು. ಕೋಲಾರದ ಡಾಕ್ಟರು ನೋಡಿ, ಆ ಕಿವಿಯ ಆಸೆ ಬಿಡಿ ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ನೀನು ನನ್ನ ಕೈ ಹಿಡಿದುಕೊಂಡೆ. ಅತ್ತು ಅತ್ತು ಕಣ್ಣು ಊದಿದ್ದವು, ಆದರೂ ಮುಖದಲ್ಲಿ ಒಂದು ಹೆಮ್ಮೆ. "ಒಂದೇಟೂ ತಿರುಗ್ಸಿ ವಡೀಲಿಲ್ಲ ಸಾ ನನ್ ಮಗ. ನಿಮ್ ತರಾನೇ."

ಅದನ್ನು ಕೇಳಿ ಇವತ್ತಿಗೆ ಐದು ದಿನ. ನಿನ್ನ ಕೈ, ನಿನ್ನ ಮನೆ, ನಿನ್ನಮ್ಮ, ಈಗ ನಿನ್ನ ಮಗನ ಕಿವಿ. ಎಲ್ಲಕ್ಕೂ ನಾನು ತಳ್ಳಿದ ಒಂದು ಕ್ಷಣ, ಮಾತು ನುಂಗಿಕೊಂಡ ಮೂರು ದಿನ, ಎರಡು ಸಲ ಅಂದ ಊಂ ಸಾಕಾಯಿತು. ಗಣಿಯನ್ನೇ ಮುಚ್ಚುತ್ತಾರೆಂಬ ಮಾತು ನಡೆದಿದೆ. ಇನ್ನು ನೆಲ ಅದುರುವುದಿಲ್ಲ, ಯಾವುದರ ಮೇಲೆ ಹೊರೆ ಹೊರಿಸಲಿ?

ನಿನಗೆ ಇದರ ಮೇಲೆ ನಂಬಿಕೆ ಬರದಿರಬಹುದು, ಅಷ್ಟು ಕಾಲ ಆ ಕಥೆಯನ್ನು ಹೇಳಿದ್ದೀಯೆ. ಆದ್ದರಿಂದ ಒಂದು ಸಾಕ್ಷಿ ಕೊಡುತ್ತೇನೆ. ಅವತ್ತು ಬೇಲಿಯ ಹತ್ತಿರ ನೀನು ಹಾಕಿಕೊಂಡಿದ್ದ ಅಂಗಿ ನೆನಪಿದೆಯೇ? ಖಾಕಿಯದು. ಬೀಳುವವನನ್ನು ಹಿಡಿಯಲು ಹೋದ ಕೈ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತದೆ, ಕೈಗೆ ಮೊದಲು ಬಟ್ಟೆ ಸಿಗುತ್ತದೆ, ಹರಿಯುತ್ತದೆ. ನಿನ್ನ ಅಂಗಿ ಬೆನ್ನಲ್ಲಿ ಎಲ್ಲಿಯೂ ಹರಿದಿರಲಿಲ್ಲ. ನನ್ನ ಬೆರಳು ಮಡಚಲೇ ಇಲ್ಲ, ಗೋವಿಂದು.

ಮಂಜ, ಕೊರಳಪಟ್ಟಿ ಹಿಡಿದ ಕೈಯನ್ನು ಒದರಿ ಬಿಡಿಸಿಕೊಳ್ಳುವುದು ತಪ್ಪಲ್ಲ. ನೀನು ಕೇಳಲು ಬಂದದ್ದಕ್ಕೆ ಉತ್ತರ ಅದು. ನೀನು ಕೇಳಿದ ದಿನವೇ ಕೊಡಬೇಕಾಗಿತ್ತು. ತಿರುಗಿ ನಿಂತವನ ಬೆನ್ನನ್ನು ಮುಟ್ಟಬಾರದು ಎನ್ನುವುದು ಉಳಿದರ್ಧ. ಎರಡನ್ನೂ ಹೇಳುವ ಯೋಗ್ಯತೆ ನನಗಿಲ್ಲ. ನೀನು ಕೇಳಿದ್ದು ನನ್ನನ್ನಾದ್ದರಿಂದ ಹೇಳಿದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಕ್ಷಮಿಸಿದರೂ ನಿನ್ನ ಕೈ ನೆಟ್ಟಗಾಗುವುದಿಲ್ಲ, ಮತ್ತೆ ನಿನ್ನ ಗುಣ ನನಗೆ ಗೊತ್ತು — ಕೇಳಿದರೆ ಕ್ಷಮಿಸಿಯೇ ಬಿಡುತ್ತೀಯೆ. ಅದು ನನಗೆ ಬೇಡ.

ನಾಳೆ ಭಾನುವಾರ. ಬೆಳಗಿನ ರೈಲಿಗೆ ನೀನು ಬುಟ್ಟಿ ಎತ್ತುವ ಮೊದಲೇ ನಿಮ್ಮ ಮನೆಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ನಾನೇ ಓದುತ್ತೇನೆ, ಮೊದಲ ಸಾಲಿನಿಂದ. ಮಂಜನನ್ನೂ ಕೂರಿಸು. ನಾನು ಅವನ ಬಲಗಡೆಗೆ ಕೂರುತ್ತೇನೆ, ಆ ಕಿವಿಗೆ ಇನ್ನೂ ಕೇಳಿಸುತ್ತದೆ.